ಮೊದಲು ಅಡಿಕೋಲು ಹಿಡಿದು ಪ್ರೆಸ್‌ಗೆ ಹೋಗಿ

ಹೊಸದಾಗಿ ಡಿಸೈನ್ ಸ್ಟುಡಿಯೊ ತೆರೆದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ‘ನಮ್ಮ ಸ್ಟುಡಿಯೊ ಪರಿಸರಸ್ನೇಹಿ ಆಗಬೇಕು, ಎಲ್ಲಿಂದ ಶುರು ಮಾಡಲಿ?’ ಕೇಳುವಾಗ ಅವರ ಮನಸ್ಸಿನಲ್ಲಿ ಎಲ್‌ಇಡಿ ದೀಪ, ಕಿಟಕಿಯ ಬಳಿ ನಾಲ್ಕು ಕುಂಡ, ಮರುಬಳಕೆಯ ಕಾಗದ ಇರುತ್ತವೆ. ಎಲ್ಲವೂ ಒಳ್ಳೆಯವೇ, ಮಾಡಿ. ಆದರೆ ಮೊದಲು ಅಡಿಕೋಲು ಹಿಡಿದುಕೊಂಡು ನಮ್ಮ ಕೆಲಸ ಮುದ್ರಣವಾಗುವ ಪ್ರೆಸ್‌ಗೆ ಹೋಗಿ ಕಾಗದದ ಕಟಿಂಗ್ ಯಂತ್ರದ ಪಕ್ಕ ಅರ್ಧ ದಿನ ನಿಲ್ಲಿ ಎನ್ನುತ್ತೇನೆ. ನಮ್ಮ ಕಸ ಬೀಳುವುದು ನಮ್ಮ ಕೋಣೆಯಲ್ಲಲ್ಲ, ಅಲ್ಲಿ.

ನಾನು ಇದನ್ನು ಕಲಿತದ್ದು ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ. ಒಂದು ಕಿರುಪುಸ್ತಕಕ್ಕೆ ಹತ್ತು ಇಂಚಿನ ಚೌಕಾಕಾರ ಆರಿಸಿದ್ದೆ. ಪರದೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಕಟಿಂಗ್ ನಡೆಯುವಾಗ ಹೋದರೆ ಯಂತ್ರದ ಬುಡದಲ್ಲಿ ಬಿಳಿ ಪಟ್ಟಿಗಳು ಮಂಡಿಯೆತ್ತರ ಬಿದ್ದಿದ್ದವು. ಯಾವ ಕೆಲಸದ್ದು ಇದು ಎಂದೆ. ‘ನಿಮ್ಮದೇ ಸರ್’ ಎಂದರು ಕಟಿಂಗ್ ಮಾಡುವವರು.

ಲೆಕ್ಕ ಸರಳ. 23×36 ಇಂಚಿನ ಕಾಗದವನ್ನು ಅರ್ಧ ಮಾಡಿದರೆ 18×23ರ ಹಾಳೆ, ಅಂದರೆ 414 ಚದರ ಇಂಚು. ಹತ್ತು ಇಂಚಿನ ಚೌಕಗಳು ಅದರಲ್ಲಿ ಎರಡೇ ಕೂರುತ್ತವೆ. ಕೆಲಸಕ್ಕೆ ಬಂದದ್ದು 200, ರದ್ದಿಗೆ ಹೋದದ್ದು 214. ಅದೇ ಪುಸ್ತಕ 8.5×11 ಇಂಚಿನದಾಗಿದ್ದರೆ ನಾಲ್ಕು ಎಲೆಗಳು ಬರುತ್ತಿದ್ದವು, ಕಾಗದ ಅರ್ಧದಷ್ಟೇ ಸಾಕಾಗುತ್ತಿತ್ತು. ಆಮೇಲೆ ಎಷ್ಟು ದುಬಾರಿ ಮರುಬಳಕೆಯ ಕಾಗದ ತರಿಸಿದರೂ ಈ ನಷ್ಟ ತುಂಬುವುದಿಲ್ಲ. ಈಗ ನಮ್ಮಲ್ಲಿ ಯಾವುದೇ ಪುಸ್ತಕದ ಕೆಲಸ ಶುರುವಾಗುವ ಮುನ್ನ ಹಾಳೆಯ ಅಳತೆ ಬರೆದಿಡುತ್ತೇವೆ. ಅಳತೆ ಬದಲಿಸಲು ಆಗದಿದ್ದರೆ ಉಳಿಯುವ ಪಟ್ಟಿಯಲ್ಲಿ ಪುಟಗುರುತನ್ನೋ ಟ್ಯಾಗನ್ನೋ ಕೂರಿಸುತ್ತೇವೆ.

ಎರಡನೆಯದು ಲ್ಯಾಮಿನೇಷನ್. ಹಾಗೆ ಮಾಡಿದ ಆಹ್ವಾನಪತ್ರಿಕೆಯೊಂದನ್ನು ಹರಿದು ನೋಡಿ. ಕಾಗದ ಸುಲಭವಾಗಿ ಹರಿಯುತ್ತದೆ, ಮೇಲಿನ ತೆಳು ಪ್ಲಾಸ್ಟಿಕ್ ಮಾತ್ರ ಬಿಡದೆ ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಕಾಗದವನ್ನು ಮತ್ತೆ ತಿರುಳು ಮಾಡುವಾಗ ತೊಡಕಾಗುವುದು ಅದೇ. ಒಂದು ದಿನದ ಸಮಾರಂಭಕ್ಕೆ ಅದು ಖಂಡಿತ ಬೇಡ. ನೀರು ಆಧಾರಿತ ವಾರ್ನಿಷ್ ಸಾಕು. ಹತ್ತಾರು ಕೈ ಬದಲಾಗುವ ಗ್ರಂಥಾಲಯದ ಪುಸ್ತಕದ ರಕ್ಷಾಪುಟಕ್ಕಾದರೆ ನಾನು ಬೇಡ ಎನ್ನುವುದಿಲ್ಲ. ಹೊದಿಕೆ ಬೇಗ ಕಿತ್ತುಹೋದರೆ ಪುಸ್ತಕವೇ ಹಾಳು.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಪಿವಿಸಿ ಎಂಬ ಪ್ಲಾಸ್ಟಿಕ್, ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಬಟ್ಟೆಯ ಬ್ಯಾನರ್ ಮಾಡಿಸಿ. ಅದರಲ್ಲಿ ಇಸವಿ, ದಿನಾಂಕ ಹಾಕಬೇಡಿ. ಅವನ್ನು ಕಾಗದದಲ್ಲಿ ಬರೆದು ಪಿನ್ ಮಾಡಿದರೆ ಮುಂದಿನ ವರ್ಷಕ್ಕೂ ಅದೇ ಬ್ಯಾನರ್ ಆಗುತ್ತದೆ.

ಇನ್ನು ಪ್ರತಿಗಳ ಸಂಖ್ಯೆ. ಮುದ್ರಣಕ್ಕೆಂದು ಒಮ್ಮೆ ಮಾಡಿಸುವ ಪ್ಲೇಟಿನ (ಅಚ್ಚಿನ ತಗಡಿನ) ಖರ್ಚು ಎಲ್ಲ ಪ್ರತಿಗಳಿಗೂ ಹಂಚಿಹೋಗುವುದರಿಂದ ಹೆಚ್ಚು ಮುದ್ರಿಸಿದಷ್ಟೂ ಒಂದು ಪ್ರತಿಯ ಬೆಲೆ ಇಳಿಯುತ್ತದೆ. ಐನೂರು ಬೇಕಾದವರು ಸಾವಿರ ಹಾಕಿಸುವುದು ಇದರಿಂದಲೇ. ಹಾಗಾಗಿ ಆರ್ಡರ್ ತೆಗೆದುಕೊಳ್ಳುವ ಮುನ್ನ, ಹೋದ ಸಲದ್ದು ಎಷ್ಟು ಉಳಿದಿದೆ ಎಂದು ಎಣಿಸಿ ಹೇಳುವಂತೆ ಗ್ರಾಹಕರನ್ನು ಕೇಳುತ್ತೇನೆ. ಒಬ್ಬರ ಬೀರುವಿನಲ್ಲಿ ಕಟ್ಟು ಬಿಚ್ಚದ ಏಳುನೂರು ಕೈಪಿಡಿಗಳು ಸಿಕ್ಕವು. ಬದಲಾಗಿದ್ದದ್ದು ಕಚೇರಿಯ ವಿಳಾಸ ಮಾತ್ರ. ಆ ವರ್ಷ ಅವರಿಗೆ ನಾವು ವಿನ್ಯಾಸ ಮಾಡಿಕೊಟ್ಟದ್ದು ಒಂದು ರಬ್ಬರ್ ಮೊಹರು.