ಪಾಪ್‌ಅಪ್ ಬಂದ ಕೂಡ್ಲೆ ಸ್ಕ್ರಿಪ್ಟ್ ಯಾಕ ನಿಲ್ತೈತಿ

ನಮ್ಮ ಬೆಳಗಾವಿ ಉದ್ಯಮಬಾಗದಾಗ ಸಣ್ಣ ಫೌಂಡ್ರಿ, ಮಷಿನ್ ಶಾಪ್ ಆಫೀಸಿನ್ಯಾಗ ಈಗೀಗ ಇದು ಕಾಮನ್ ಆಗೇತಿ, ಚಲನ್ ಎಲ್ಲಾ ಎಕ್ಸೆಲ್‌ನ್ಯಾಗ ಇರ್ತಾವು, ಅವನ್ನ ಹಳೇ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಏರಿಸಾಕ ನಮ್ಮ ಬದ್ಲಿ ತಾನ ಕೀ, ಮೌಸ್ ಒತ್ತೂ ಒಂದು ಆಟೋಹಾಟ್‌ಕೀ ಇಲ್ಲಾ ಪೈಥಾನ್ ಸ್ಕ್ರಿಪ್ಟ್ ಬರ್ದು ರಾತ್ರಿ ಹಚ್ಚಿ ಮನಿಗೆ ಹೋಗೂದು. ಮುಂಜಾನೆ ಬಂದ್ ನೋಡಿದ್ರ ಈ ನಂಬರಿನ ಬಿಲ್ ಆಗ್ಲೇ ಐತಿ, ಅದರ ಮ್ಯಾಲೇ ಬರೀಲೇನು ಅಂತ ಕೇಳೂ ಒಂದು ಸಣ್ಣ ಡಬ್ಬಿ ನಡಕ ಕುಂತಿರ್ತೈತಿ, ಉಳಿದ ಬಿಲ್ ಎಲ್ಲಾ ಹಂಗ ಬಾಕಿ. ಹ್ಯಾಂಗ್ ಆಗೇತಿ ಅಂತ ಎಂಡ್ ಟಾಸ್ಕ್ ಕೊಟ್ಟು ಮತ್ತ ಮೊದ್ಲಿಂದ ಶುರು ಮಾಡ್ತಾರ.

ಖರೇ ಅಂದ್ರ ಬಾಳ ಸಲ ಅದು ಹ್ಯಾಂಗ್ ಆಗಿರಂಗಿಲ್ರಿ, ಕಾಯಾಕತ್ತಿರ್ತೈತಿ. ಗುರ್ತ ಹಿಡಿಯೂದು ಸುಲಭ. ಪ್ರೋಗ್ರಾಂ ಒಂದು 5 ಸೆಕೆಂಡ್ ಮೆಸೇಜಿಗೆ ಉತ್ತರ ಕೊಡ್ಲಿಲ್ಲಂದ್ರ ವಿಂಡೋಸ್ ತಾನ ಅದರ ಟೈಟಲ್‌ನ್ಯಾಗ ನಾಟ್ ರೆಸ್ಪಾಂಡಿಂಗ್ ಅಂತ ತೋರಿಸ್ತೈತಿ, ಅದು ಖರೇ ಹ್ಯಾಂಗ್. ಹಂಗ ಏನೂ ಬರಲಾರ್ದ, ಹಿಂದಿನ ವಿಂಡೋ ಮ್ಯಾಲ ಒತ್ತಿದ್ರ ಬರೀ ಟಣ್ ಅಂತ ಸಪ್ಪಳ ಬಂತಂದ್ರ ಎಲ್ಲೋ ಒಂದು ಮೋಡಲ್ ಡೈಲಾಗ್, ಅಂದ್ರ ಉತ್ತರ ಕೊಡೂತನಕಾ ಹಿಂದಿನ ವಿಂಡೋ ಮುಟ್ಟಾಕ ಬಿಡಲಾರ್ದ ಡಬ್ಬಿ, ತೆರಕೊಂಡೈತಿ ಅಂತ ತಿಳೀರಿ, ಒಮ್ಮೊಮ್ಮೆ ಅದು ಬ್ಯಾರೆ ವಿಂಡೋದ ಹಿಂದ ಮುಚ್ಚಿಕೊಂಡಿರ್ತೈತಿ.

ಈಗ ಸ್ಕ್ರಿಪ್ಟ್ ಯಾಕ ನಿಲ್ತೈತಿ. ಸೇವ್ ಬಟನ್ ಒತ್ತಾಕ ಸ್ಕ್ರಿಪ್ಟ್ ಒಳಗಿಂದ ವೇಳೆ ಮಿತಿ ಹಾಕಲಾರ್ದ ಸೆಂಡ್‌ಮೆಸೇಜ್ (ಬ್ಯಾರೆ ವಿಂಡೋಗೆ ಸಂದೇಶ ಮುಟ್ಟಿಸೂ ವಿಂಡೋಸ್ ಕಮಾಂಡ್) ಕಳಿಸಿದ್ರ, ಆ ಕಡಿ ಕೆಲಸ ಮುಗಿಯೂತನಕಾ ಅದು ವಾಪಸ್ ಬರಂಗಿಲ್ಲ, ಫೋನ್ ಹಚ್ಚಿ ಆ ಕಡಿಯವ್ರು ಉತ್ತರ ಕೊಡೂತನಕಾ ಕಿವಿಗೆ ಹಿಡ್ಕೊಂಡು ನಿಂತಂಗ. ಸೇವ್ ಒತ್ತಿದ್ದಕ್ಕ ಡೈಲಾಗ್ ಬಂತು, ಡೈಲಾಗ್ ಹೋಗೂತನಕಾ ಸೇವ್ ಮುಗಿಯಂಗಿಲ್ಲ, ಸೇವ್ ಮುಗಿಯೂತನಕಾ ಸ್ಕ್ರಿಪ್ಟ್ ಮುಂದಿನ ಸಾಲಿಗೆ ಹೋಗಂಗಿಲ್ಲ, ಆದ್ರ ಡೈಲಾಗ್ ಮುಚ್ಚೂ ಕೋಡ್ ಇರೂದs ಮುಂದಿನ ಸಾಲಿನ್ಯಾಗ! ಪೋಸ್ಟ್‌ಮೆಸೇಜ್ ಹಂಗಲ್ಲ, ಹೇಳಿ ಬಿಟ್ಟು ಬರ್ತೈತಿ. ಯುಐ ಆಟೋಮೇಷನ್ (ಬ್ಯಾರೆ ಪ್ರೋಗ್ರಾಂನ ಬಟನ್ ಹುಡ್ಕಿ ಒತ್ತೂ ವಿಂಡೋಸಿನ ವ್ಯವಸ್ಥೆ) ಬಳಸಿ ಬಟನ್ ಒತ್ತಾಕ ಇನ್ವೋಕ್ ಅಂತೇನ ಕೊಡ್ತೀವಿ, ಅದು ತಡೀಲಾರ್ದ ವಾಪಸ್ ಬರ್ಬೇಕು ಅಂತ ಮೈಕ್ರೋಸಾಫ್ಟ್ ಡಾಕ್ಯುಮೆಂಟಿನ್ಯಾಗs ಐತಿ, ಆದ್ರ ಹಳೇ ಸಾಫ್ಟ್‌ವೇರ್ ಒಮ್ಮೊಮ್ಮೆ ಅದನ್ನ ಪಾಲಿಸಂಗಿಲ್ಲ. ಪೈಥಾನಿನ ಪೈವಿನ್‌ಆಟೋ ಲೈಬ್ರರಿ ಬಳಸ್ತಿದ್ರ ಕ್ಲಿಕ್ ಬದ್ಲಿ ಕ್ಲಿಕ್_ಇನ್‌ಪುಟ್ ಹಾಕಿ ನೋಡ್ರಿ, ಅದು ಖರೇ ಮೌಸ್ ಆಡಿಸಿ ಒತ್ತಿ ಮುಂದ ಹೋಗ್ತೈತಿ.

ಇದಕ್ಕಿಂತ ಗಟ್ಟಿ ದಾರಿ ಅಂದ್ರ ಡೈಲಾಗ್ ಕಾಯಾಕs ಒಂದು ಬ್ಯಾರೆ ಸ್ಕ್ರಿಪ್ಟ್ ಇಡೂದು, ಬ್ಯಾರೆ ಅಂದ್ರ ಖರೇನ ಬ್ಯಾರೆ ಪ್ರೋಸೆಸ್ (ತನ್ನಷ್ಟಕ್ಕ ತಾನ ಓಡೂ ಪ್ರೋಗ್ರಾಂ), ಮೇನ್ ಸ್ಕ್ರಿಪ್ಟ್ ಒಳಗ ಟೈಮರ್ ಹಾಕಿದ್ರ ಸೆಂಡ್‌ಮೆಸೇಜ್ ಸಿಕ್ಕೊಂಡಾಗ ಆ ಟೈಮರೂ ಓಡಂಗಿಲ್ಲ. ವಿಂಡೋಸಿನ ಮಾಮೂಲಿ ಡೈಲಾಗಿಗೆಲ್ಲಾ ಕ್ಲಾಸ್ ಹೆಸರು (ವಿಂಡೋದ ಜಾತಿ ಹೇಳೂ ಒಳಗಿನ ಹೆಸರು) #32770 ಇರ್ತೈತಿ, ಅದನ್ನ ಹುಡುಕಿದ್ರ ಸಿಗ್ತೈತಿ. ಜಾವಾದಾಗ ಮಾಡಿದ ಸಾಫ್ಟ್‌ವೇರ್ ಇದ್ರ ಈ ಕ್ಲಾಸ್ ಸಿಗಂಗಿಲ್ಲ, ಅಲ್ಲಿ ಟೈಟಲ್ ನೋಡಿ ಹಿಡೀಬಹುದು.

ಆದ್ರ ದಯಮಾಡಿ, ಸಿಕ್ಕ ಡೈಲಾಗಿಗೆಲ್ಲಾ ಎಂಟರ್ ಒತ್ತೂ ಸ್ಕ್ರಿಪ್ಟ್ ಬರೀಬ್ಯಾಡ್ರಿ. ಇದನ್ನ ನಾ ಬಾಳ ಕಡೆ ನೋಡೇನಿ, ನೋಡಿದಾಗೊಮ್ಮೆ ಜೀವ ಚುರ್ ಅಂತೈತಿ. ಆ ಡಬ್ಬಿ ಏನೋ ಕೇಳಾಕತ್ತೈತಿ, ಹಳೇ ಬಿಲ್ ಮ್ಯಾಲ ಹೊಸಾದು ಬರೀಲೇನು ಅಂತ ಕೇಳಿದಾಗ ಹೌದು ಅಂತ ಒತ್ತಿ ಬಿಟ್ರ ಪಾರ್ಟಿ ಕಡೆ ಇರೂ ಬಿಲ್ ಒಂದು, ನಮ್ಮ ಕಡೆ ಇರೂದು ಇನ್ನೊಂದು, ಜಿಎಸ್‌ಟಿ ರಿಟರ್ನ್ ಹಾಕೂ ಮುಂದ ಅಕೌಂಟ್ಸ್ ಅಕ್ಕಾರು ಒಂದೊಂದ ಬಿಲ್ ತಗದು ತಾಳೆ ನೋಡ್ಕೊಂತ ಕುಂದರ್ಬೇಕು. ಮೊದ್ಲು ಡೈಲಾಗಿನ ಅಕ್ಷರ ಓದ್ರಿ, ಫೈಲಿಗೆ ಬರ್ಕೊಳ್ರಿ, ಗೊತ್ತಿರೂ ಪ್ರಶ್ನೆಗೆ ಅಷ್ಟ ಉತ್ತರ ಒತ್ತ್ರಿ, ಗೊತ್ತಿಲ್ಲದ್ದು ಬಂದ್ರ ಸ್ಕ್ರೀನ್‌ಶಾಟ್ ತಗದು ನಿಲ್ಲಿಸ್ರಿ. ಮಾಮೂಲಿ ಮೆಸೇಜ್‌ಬಾಕ್ಸ್ ಮ್ಯಾಲ ಕಂಟ್ರೋಲ್ ಸಿ ಒತ್ತಿದ್ರ ಟೈಟಲ್ ಸಮೇತ ಅದರಾಗಿನ ಎಲ್ಲಾ ಅಕ್ಷರ ಕಾಪಿ ಆಗ್ತಾವು, ಇದು ಬಾಳ ಮಂದಿಗೆ ಗೊತ್ತೇ ಇಲ್ಲ. ಮತ್ತ ಬರೀ ಯೆಸ್ ನೋ ಇರೂ ಬಾಕ್ಸಿಗೆ ಎಸ್ಕೇಪ್ ನಡಿಯಂಗಿಲ್ಲ, ಮ್ಯಾಲಿನ ಇಂಟು ಗುರ್ತೂ ಬಂದ್ ಇರ್ತೈತಿ, ಬಟನ್ನs ಒತ್ಬೇಕು.

ಎಕ್ಸೆಲ್ ಕಡಿಂದ ಬರೂ ಪಾಪ್‌ಅಪ್ ಇದ್ರ ಸ್ಕ್ರಿಪ್ಟಿನ್ಯಾಗ ಎಕ್ಸೆಲ್‌ನ ಡಿಸ್‌ಪ್ಲೇಅಲರ್ಟ್ಸ್ ಅನ್ನೂ ಸೆಟ್ಟಿಂಗ್ ಫಾಲ್ಸ್ ಮಾಡ್ರಿ, ಲಿಂಕ್ ಅಪ್‌ಡೇಟ್ ಮಾಡ್ಲೇನು ಅಂತ ಕೇಳಬಾರ್ದಂದ್ರ ಫೈಲ್ ತಗಿಯೂ ಮುಂದ ಅಪ್‌ಡೇಟ್‌ಲಿಂಕ್ಸ್ 0 ಕೊಡ್ರಿ. ಆದ್ರ ಫೈಲಿನ ಮ್ಯಾಕ್ರೋದಾಗ ಯಾರರ ಮೆಸೇಜ್‌ಬಾಕ್ಸ್ ಬರ್ದಿದ್ರ ಅದು ಇದಕ್ಕ ಜಗ್ಗಂಗಿಲ್ಲ, ಎಕ್ಸೆಲ್‌ನ ಕಾಣಲಾರ್ದಂಗ ಓಡಿಸಿದ್ರಂತೂ ಒಮ್ಮೊಮ್ಮೆ ಡಬ್ಬಿ ಬಂದದ್ದೂ ಕಾಣಂಗಿಲ್ಲ.

ಇನ್ನ ಬಿಲ್ಲಿಂಗ್ ಸಾಫ್ಟ್‌ವೇರ್ ಅಡ್ಮಿನ್ ಆಗಿ ಓಡಾಕತ್ತಿದ್ರ ಸ್ಕ್ರಿಪ್ಟೂ ಅಡ್ಮಿನ್ ಆಗಿ ಓಡ್ಬೇಕು, ಇಲ್ಲಾಂದ್ರ ವಿಸ್ಟಾದಿಂದ ಈಚಿಗೆ ವಿಂಡೋಸ್ ಕೆಳಗಿನವ್ರ ಕ್ಲಿಕ್ ಮ್ಯಾಲಿನವ್ರಿಗೆ ಮುಟ್ಟಾಕ ಬಿಡಂಗಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನ್ಯಾಗ ಹಚ್ಚಿ ಕಿಟಕಿ ಮುಚ್ಚಿ ಬಂದ್ರೂ, ಸ್ಕ್ರೀನ್ ಲಾಕ್ ಆದ್ರೂ ಮೌಸ್ ಆಡಿಸೂ ಸ್ಕ್ರಿಪ್ಟ್ ನಡಿಯಂಗಿಲ್ಲ, ಹಂಗಿದ್ದಾಗ ಡೈಲಾಗ್ ಹುಡ್ಕೂ ಮೊದ್ಲು ಇವೆರಡು ನೋಡ್ಕೊಳ್ರಿ.