ಅಳೆದ ಬೀಮೇ ಬೇರೆ, ಒಳಗೆ ಹೋಗುವ ಬೀಮೇ ಬೇರೆ

ಪ್ರೋಟಾನ್ ವೇಗವರ್ಧಕ ಎಷ್ಟೇ ಉದ್ದವಿರಲಿ, ನನ್ನ ಕೆಲಸವೆಲ್ಲ ಮೊದಲ ಎರಡು ಮೂರು ಮೀಟರ್‌ಗಳಲ್ಲೇ. ಐಯಾನ್ ಮೂಲದಿಂದ 50 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಹೊರಬೀಳುವ ಬೀಮನ್ನು, ಅಂದರೆ ಕಣಗಳ ಕಿರಣವನ್ನು, ಎರಡು ಸೊಲೆನಾಯ್ಡ್‌ಗಳಿಂದ (ಸುರುಳಿ ಅಯಸ್ಕಾಂತಗಳಿಂದ) ಹಿಂಡಿ ಆರ್‌ಎಫ್‌ಕ್ಯೂ ಎಂಬ ಮೊದಲ ವೇಗವರ್ಧಕ ಘಟಕದ ಬಾಯಿಗೆ ಸರಿಯಾಗಿ ಕೂರಿಸಬೇಕು. ಇಲ್ಲಿ ಪ್ರೋಟಾನಿನ ವೇಗ ಬೆಳಕಿನ ವೇಗದ ಶೇ. 1ರಷ್ಟು. ಒಂದನ್ನೊಂದು ತಳ್ಳಿಕೊಳ್ಳಲು ಕಣಗಳಿಗೆ ಬೇಕಾದಷ್ಟು ಪುರುಸೊತ್ತು.

ತಂಡಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು, ‘ಎಮಿಟೆನ್ಸ್ ಎಷ್ಟು?’ ಅಂದರೆ ಬೀಮಿನ ಅಗಲ ಮತ್ತು ಕಣಗಳ ದಿಕ್ಕಿನ ಚೆದುರು ಎರಡನ್ನೂ ಸೇರಿಸಿದ ಅಳತೆ. ನಾನು ತಿರುಗಿ ಕೇಳುತ್ತೇನೆ: ಎಷ್ಟು ಗ್ಯಾಸ್ ಒತ್ತಡದಲ್ಲಿ, ಪಲ್ಸಿನ ಯಾವ ಭಾಗದಲ್ಲಿ? ಕೊಳವೆಯಲ್ಲಿ ಉಳಿದ ಹೈಡ್ರೋಜನ್‌ಗೆ ಬೀಮ್ ಬಡಿದಾಗ ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ. ಅವು ಧನಾವೇಶದ ಬೀಮಿನೊಳಗೇ ಸಿಕ್ಕಿಬಿದ್ದು ತಳ್ಳಾಟವನ್ನು ತಣಿಸುತ್ತವೆ. 10⁻⁵ ಮಿಲಿಬಾರ್ ಆಸುಪಾಸಿನಲ್ಲಿ ಇದಕ್ಕೆ ಹತ್ತಾರು ಮೈಕ್ರೋಸೆಕೆಂಡ್ ಬೇಕು. ಅಂದರೆ ಪಲ್ಸಿನ ತಲೆ ಒಂದು ಬೀಮ್, ನಡು ಇನ್ನೊಂದು. ಎಮಿಟೆನ್ಸ್ ಅಳೆಯುವ ಅಲಿಸನ್ ಸ್ಕ್ಯಾನರ್ ಇಡೀ ಪಲ್ಸನ್ನು ಸರಾಸರಿ ಮಾಡಿ ಕೊಟ್ಟ ಚಿತ್ರ ಎಷ್ಟೇ ಚೆನ್ನಾಗಿದ್ದರೂ ನನಗೆ ಅದರ ಮೇಲೆ ನಂಬಿಕೆ ಕಡಿಮೆ.

ಬೀಮನ್ನು ಹಿಡಿದು ಅದರ ಕರೆಂಟ್ ಅಳೆಯುವ ಫ್ಯಾರಡೆ ಕಪ್ ಸಹ ಸುಮ್ಮನೆ ನಿಜ ಹೇಳುವುದಿಲ್ಲ. ಬೀಮ್ ಬಿದ್ದ ಜಾಗದಿಂದ ಎಲೆಕ್ಟ್ರಾನ್‌ಗಳು ಹೊರಗೆ ಚಿಮ್ಮಿದರೆ ಕರೆಂಟ್ ಹೆಚ್ಚಾಗಿ ಕಾಣುತ್ತದೆ. ಈ ಎಲೆಕ್ಟ್ರಾನ್‌ಗಳನ್ನು ಹಿಂದಕ್ಕೆ ತಳ್ಳುವ ತಡೆ ಉಂಗುರದ ಋಣ ವೋಲ್ಟೇಜನ್ನು ಸೊನ್ನೆಯಿಂದ ಏರಿಸುತ್ತ ಹೋದಂತೆ ಓದು ಇಳಿದು ಒಂದು ಕಡೆ ಸಮತಟ್ಟಾಗುತ್ತದೆ. ಅಲ್ಲಿನದ್ದನ್ನು ಮಾತ್ರ ಬರೆದುಕೊಳ್ಳಬೇಕು. ಅದರಲ್ಲೂ ಎರಡು, ಮೂರು ಪರಮಾಣುಗಳ ಹೈಡ್ರೋಜನ್ ಐಯಾನ್‌ಗಳ ಪಾಲು ಇದ್ದೇ ಇರುತ್ತದೆ. ಅದೇ ಶಕ್ತಿಯ ಎರಡು ಪರಮಾಣುಗಳ ಐಯಾನಿಗೆ ಸೊಲೆನಾಯ್ಡಿನ ಹಿಡಿತ ಪ್ರೋಟಾನಿಗಿಂತ ಅರ್ಧ, ಹಾಗಾಗಿ ಅದು ಅಂಚಿಗೆ ಚೆದುರುತ್ತದೆ. ಈ ಪಾಲನ್ನು ಕಳೆಯದೆ ಲೆಕ್ಕ ಹಾಕಿದರೆ ಆರ್‌ಎಫ್‌ಕ್ಯೂ ಜೊತೆಗಿನ ಒಳ್ಳೆಯ ಹೊಂದಾಣಿಕೆಯೂ ಕಳಪೆಯಾಗಿ ಕಾಣುತ್ತದೆ. ಬೀಮಿನ ಕೆಂಪು ಬೆಳಕಿನಲ್ಲಿ, 656 ನ್ಯಾನೋಮೀಟರ್ ಪಕ್ಕ, ಡಾಪ್ಲರ್ ಪರಿಣಾಮದಿಂದ (ಕಣದ ವೇಗಕ್ಕೆ ತಕ್ಕಂತೆ ಬೆಳಕಿನ ಬಣ್ಣ ಬದಲಾಗುವುದರಿಂದ) ಸರಿದ ಮೂರು ಗೆರೆಗಳನ್ನು ನೋಡಿ ಪಾಲು ತಿಳಿಯುವುದು ನನಗಿಷ್ಟ, ಬೀಮನ್ನು ಮುಟ್ಟಬೇಕಿಲ್ಲ.

ಕೊನೆಗೆ ಎರಡು ಸೊಲೆನಾಯ್ಡ್‌ಗಳ ಕರೆಂಟನ್ನು ಅಡ್ಡ, ಉದ್ದ ಇಟ್ಟು, ಆರ್‌ಎಫ್‌ಕ್ಯೂ ದಾಟಿ ಎಷ್ಟು ಬೀಮ್ ಬರುತ್ತದೆಂಬ ನಕ್ಷೆ ಬಿಡಿಸುತ್ತೇವೆ. ಅದರ ಶಿಖರ ಸಿಮ್ಯುಲೇಶನ್ ಹೇಳಿದ ಜಾಗದಲ್ಲೇ ಇರಬೇಕೆಂದಿಲ್ಲ. ಆರ್‌ಎಫ್‌ಕ್ಯೂ ಬಾಯಲ್ಲಿರುವ ಎಲೆಕ್ಟ್ರಾನ್ ತಡೆ ಮತ್ತು ಅದರಾಚೆಯ ಕ್ಷೇತ್ರದಿಂದಾಗಿ ಕೊನೆಯ ಕೆಲವು ಸೆಂಟಿಮೀಟರ್‌ಗಳಲ್ಲಿ ತಣಿಸುವ ಎಲೆಕ್ಟ್ರಾನ್‌ಗಳು ಉಳಿಯುವುದಿಲ್ಲ. ಮಾದರಿಯಲ್ಲಿ ಆ ತುಂಡನ್ನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು ತೊಡಕು, ಆರ್‌ಎಫ್‌ಕ್ಯೂ ದಾಟಿದ ಕಣಗಳೆಲ್ಲ ಪೂರ್ತಿ ವೇಗ ಪಡೆದಿರುವುದಿಲ್ಲ. ಅದಕ್ಕೇ ನಕ್ಷೆಗೆ ಬಣ್ಣ ತುಂಬುವುದು ಅಂಥ ಕಣಗಳನ್ನು ಬೇರ್ಪಡಿಸುವ, ಬೀಮನ್ನು ಬಾಗಿಸುವ ಅಯಸ್ಕಾಂತ ದಾಟಿದ ಮೇಲೆ ಓದಿದ ಕರೆಂಟಿನಿಂದ.