ಪ್ರಸಂಗ ಪುಸ್ತಕಗಳ ಓಸಿಆರ್: ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತಿದ್ದುದರ ಮೂಲ ಸಿಕ್ಕಿತು

ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ತಂತ್ರಾಂಶದಿಂದ ಪಠ್ಯ ತೆಗೆಯುವ (ಓಸಿಆರ್) ಕೆಲಸ ಕಳೆದ ಬಾರಿ ಬರೆದಲ್ಲಿಂದ ಮುಂದೆ ಹೋಗಿರಲಿಲ್ಲ. ಸ್ಕ್ರಿಪ್ಟ್ ಓಡಿಸಿದ ಸ್ವಲ್ಪ ಹೊತ್ತಿಗೇ ಲ್ಯಾಪ್‌ಟಾಪ್ ಕೈಕೊಡುತ್ತಿತ್ತು. ಯಂತ್ರ ಹಳೆಯದು: 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ಡೆಬಿಯನ್ 12 ಎಂಬ ಲಿನಕ್ಸ್. ಪುಸ್ತಕ ಕೊಟ್ಟ ಭಾಗವತರಿಗೆ ಮೇಳದ ತಿರುಗಾಟ ಶುರುವಾಗುವ ಮೊದಲು ಎಲ್ಲವನ್ನೂ ಮರಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಹಾಗಾಗಿ ಈ ವಾರ ಓಸಿಆರ್ ಬದಿಗಿಟ್ಟು ಇದನ್ನೇ ಹಿಡಿದು ಕೂತೆ.

ತೊಂದರೆ ಎರಡು ಬಗೆಯಲ್ಲಿ ಕಾಣಿಸುತ್ತಿತ್ತು. ಹೆಚ್ಚಿನ ಸಲ ಮೌಸ್ ತಡೆದು ತಡೆದು ಚಲಿಸಿ, ಡಿಸ್ಕ್ ದೀಪ ಆರದೆ ಉರಿದು, ಕೊನೆಗೆ ಏನೂ ಅಲ್ಲಾಡುತ್ತಿರಲಿಲ್ಲ. ಕೆಲವು ಸಲ ಮಾತ್ರ ಯಂತ್ರ ಸರಿಯಾಗೇ ಇದ್ದು, ಪೈಥಾನ್ ಅಥವಾ ಬ್ರೌಸರ್ ಒಂದೇ ‘ಬಸ್ ಎರರ್’ ಎಂದು ನಿಂತುಬಿಡುತ್ತಿತ್ತು. ಎರಡಕ್ಕೂ ಒಂದೇ ಕಾರಣ ಇರಬೇಕಾಗಿಲ್ಲ ಎಂದುಕೊಂಡೇ ಹುಡುಕಲು ಹೊರಟದ್ದು ಒಳ್ಳೆಯದಾಯಿತು.

ಪವರ್ ಬಟನ್ ಒತ್ತಿ ಮತ್ತೆ ಶುರು ಮಾಡಿದ ಮೇಲೆ ಕರ್ನಲ್‌ನ (ಲಿನಕ್ಸ್‌ನ ತಿರುಳು) ಸಂದೇಶ ತೋರಿಸುವ ಡಿಮೆಸೆಗ್ ನೋಡಿದರೆ ಉಪಯೋಗವಿಲ್ಲ, ಅದರಲ್ಲಿ ಇರುವುದು ಈಗಿನ ಬೂಟ್‌ನ ಮಾತು. ಡೆಬಿಯನ್ 11ರಿಂದ ಜರ್ನಲ್ (ಯಂತ್ರದ ಲಾಗ್) ಡಿಸ್ಕ್ ಮೇಲೆಯೇ ಉಳಿಯುತ್ತದೆ, ಆದ್ದರಿಂದ ಜರ್ನಲ್‌ಸಿಟಿಎಲ್‌ಗೆ ‘-ಕೆ -ಬಿ -1’ ಕೊಟ್ಟರೆ ಹಿಂದಿನ ಬೂಟ್‌ನ ಕರ್ನಲ್ ಲಾಗ್ ಸಿಗುತ್ತದೆ. ಹ್ಯಾಂಗ್ ಆದ ಸಲದ ಕೊನೆಯ ಸಾಲುಗಳಲ್ಲಿ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರಾಸೆಸ್’ ಎಂದಿತ್ತು (ಮೆಮೊರಿ ಮುಗಿದು ಕರ್ನಲ್ ಒಂದು ಪ್ರೋಗ್ರಾಮನ್ನು ಕೊಂದಿದೆ), ಪಕ್ಕದಲ್ಲಿ ಪೈಥಾನ್ ಹೆಸರು. ಬಸ್ ಎರರ್ ಬಂದ ಸಲ ಆ ಸಾಲೇ ಇಲ್ಲ. ಬದಲಿಗೆ ‘ರೀಡ್-ಎರರ್ ಆನ್ ಸ್ವಾಪ್-ಡಿವೈಸ್’ ಎಂದು ಸಾಲುಸಾಲಾಗಿ ಬಂದಿತ್ತು. ಸ್ವಾಪ್ ಎಂದರೆ ಮೆಮೊರಿ ಸಾಲದಾದಾಗ ಅದರ ಪೇಜ್‌ಗಳನ್ನು (ಮೆಮೊರಿಯ ಸಣ್ಣ ತುಂಡುಗಳು) ಕಳಿಸಿಡುವ ಜಾಗ, ಸಾಮಾನ್ಯವಾಗಿ ಡಿಸ್ಕ್‌ನಲ್ಲಿ.

ಮೊದಲನೆಯದಕ್ಕೆ ಲೆಕ್ಕ ಹಾಕಿದರೆ ಸಾಕಾಯಿತು. ಪ್ರಸಂಗ ಪುಸ್ತಕಗಳು ಚಿಕ್ಕವು, ಎದುರುಬದುರಿನ ಎರಡು ಪುಟ ಸೇರಿ ಎ4 ಗಾಜಿನ ಮೇಲೆ ಕೂರುತ್ತವೆ. 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಅದು ಸುಮಾರು 4960 × 7016 ಪಿಕ್ಸೆಲ್, ಅಂದರೆ 3.48 ಕೋಟಿ. ಬಣ್ಣದ ಚಿತ್ರವಾದರೆ ಪಿಕ್ಸೆಲ್‌ಗೆ 3 ಬೈಟ್‌ನಂತೆ 104 ಎಂಬಿ. ಇಷ್ಟನ್ನು ಈ ಯಂತ್ರ ತಡೆದುಕೊಳ್ಳುತ್ತದೆ. ಆದರೆ ಓರೆಯಾದ ಪುಟ ನೇರ ಮಾಡುವ ಹಂತದಲ್ಲಿ ಸೈಕಿಟ್-ಇಮೇಜ್ ಎಂಬ ಪೈಥಾನ್ ಲೈಬ್ರರಿ ಚಿತ್ರವನ್ನು 64 ಬಿಟ್ ಫ್ಲೋಟ್‌ಗೆ (ದಶಮಾಂಶ ಸಂಖ್ಯೆ) ಬದಲಿಸುತ್ತದೆ. ಒಂದು ಬೈಟ್ ಇದ್ದಲ್ಲಿ ಎಂಟು. 104 ಎಂಬಿ ಚಿತ್ರ 835 ಎಂಬಿ ಆಯಿತು. ನಾಲ್ಕು ಕೋರ್ ಇದೆಯೆಂದು ಇಂಥ ನಾಲ್ಕು ಚಿತ್ರ ಒಟ್ಟಿಗೆ ನಡೆಯುತ್ತವೆ, ಅಲ್ಲಿಗೆ 3.3 ಜಿಬಿ. ಡೆಸ್ಕ್‌ಟಾಪ್ ಮತ್ತು ಬ್ರೌಸರ್‌ಗೆ ಉಳಿಯುವುದೇನು? ಡೆಬಿಯನ್ ಇನ್‌ಸ್ಟಾಲರ್ ಮಾಡಿಕೊಟ್ಟ ಸ್ವಾಪ್ ಪಾರ್ಟಿಷನ್ ಸುಮಾರು 1 ಜಿಬಿ, ಅದೂ ತುಂಬಿತು.

ಇಲ್ಲಿ ಒಂದು ಮಾತು. ‘ಸ್ವಾಪ್ ಆಫ್ ಮಾಡು, ಹ್ಯಾಂಗ್ ನಿಲ್ಲುತ್ತದೆ’ ಎಂಬ ಸಲಹೆ ಸುಮಾರು ಜನ ಕೊಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮೆಮೊರಿ ಸಾಲದಾದಾಗ ಸ್ವಾಪ್ ಇಲ್ಲದಿದ್ದರೆ, ಕರ್ನಲ್ ಓಡುತ್ತಿರುವ ಪ್ರೋಗ್ರಾಮ್‌ಗಳ ಕೋಡ್ ಇರುವ ಪೇಜ್‌ಗಳನ್ನೇ ಬಿಟ್ಟುಕೊಡುತ್ತದೆ. ಅವು ಡಿಸ್ಕ್‌ನಲ್ಲಿ ಹೇಗೂ ಇವೆ, ಬೇಕಾದಾಗ ಓದಿಕೊಳ್ಳಬಹುದಲ್ಲ. ಮರುಕ್ಷಣ ಅದೇ ಪೇಜ್ ಬೇಕಾಗುತ್ತದೆ, ಓದುತ್ತದೆ, ಮತ್ತೆ ಬಿಡುತ್ತದೆ. ಡಿಸ್ಕ್ ದೀಪ ಉರಿಯುತ್ತಲೇ ಇರುತ್ತದೆ. ಹೀಗೆ ಚೂರುಪಾರು ಜಾಗ ಸಿಗುತ್ತಿರುವವರೆಗೂ ಯಾರನ್ನೂ ಕೊಲ್ಲುವ ಅಗತ್ಯ ಕರ್ನಲ್‌ಗೆ ಕಾಣುವುದಿಲ್ಲ. ಯಂತ್ರ ಎಷ್ಟು ಹೊತ್ತು ಕಾಯುತ್ತಿದೆ ಎಂಬುದನ್ನು 4.20ರಿಂದೀಚಿನ ಕರ್ನಲ್‌ಗಳು ಪ್ರಾಕ್ ಫೋಲ್ಡರ್ ಕೆಳಗಿನ ‘ಪ್ರೆಶರ್/ಮೆಮೊರಿ’ ಫೈಲ್‌ನಲ್ಲಿ ಬರೆಯುತ್ತವೆ. ಇನ್ನೊಂದು ಟರ್ಮಿನಲ್‌ನಲ್ಲಿ ಅದನ್ನು ತೆರೆದಿಟ್ಟು ನೋಡಿದೆ: ‘ಫುಲ್’ ಸಾಲಿನ ಅಂಕಿ ಸೊನ್ನೆಯಿಂದ ಏರತೊಡಗಿತು ಎಂದರೆ ಹ್ಯಾಂಗ್ ಹತ್ತಿರ ಬಂತೆಂದೇ ಲೆಕ್ಕ. ಖಾಲಿ ಮೆಮೊರಿ ತೋರಿಸುವ ಫ್ರೀ ಕಮಾಂಡ್‌ಗಿಂತ ಇದು ಎಷ್ಟೋ ಮೇಲು.

ಎರಡನೆಯ ತೊಂದರೆಗೆ ರ‍್ಯಾಮ್ ಕೆಟ್ಟಿದೆಯೇ ಎಂದು ಮೊದಲು ನೋಡಬೇಕಿತ್ತು. ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿತು, ಒಂದೂ ತಪ್ಪು ಇಲ್ಲ. ನಂತರ ಡಿಸ್ಕ್‌ನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎದುರು ಸೊನ್ನೆ ಇರಬೇಕಾದಲ್ಲಿ ಸೊನ್ನೆ ಇರಲಿಲ್ಲ. ಡಿಸ್ಕ್‌ನ ಕೆಲವು ಸೆಕ್ಟರ್‌ಗಳನ್ನು ಓದಲಾಗುತ್ತಿಲ್ಲ, ಸ್ವಾಪ್ ಪಾರ್ಟಿಷನ್ ಅವುಗಳ ಮೇಲೆಯೇ ಇದೆ. ಸ್ವಾಪ್‌ಗೆ ಕಳಿಸಿದ ಪೇಜ್ ವಾಪಸ್ ಓದಲಾಗದಿದ್ದರೆ ಕರ್ನಲ್ ಆ ಪ್ರೋಗ್ರಾಮ್‌ಗೆ ಕೊಡುವುದು ಬಸ್ ಎರರ್ ಸಿಗ್ನಲನ್ನೇ. ಮೆಮೊರಿ ತುಂಬಿದ ದಿನ ಮಾತ್ರ ಈ ದೋಷ ತಲೆಯೆತ್ತುತ್ತಿದ್ದುದೂ ಇದರಿಂದಲೇ.

ಸ್ಕ್ಯಾನ್ ಮಾಡಿದ ಚಿತ್ರಗಳನ್ನೆಲ್ಲ ಆ ರಾತ್ರಿಯೇ ಹೊರಗಿನ ಡಿಸ್ಕ್‌ಗೆ ನಕಲು ಮಾಡಿದೆ. ಆಮೇಲೆ ಸ್ವಾಪ್ ನಿಲ್ಲಿಸಿ ಬೂಟ್ ಆಗುವಾಗ ಹಚ್ಚಬೇಕಾದ ಪಾರ್ಟಿಷನ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಿಂದ ಆ ಸಾಲು ತೆಗೆದೆ. ಮರುಬೂಟ್ ಆದಾಗ ಸ್ವಾಪ್ ಮತ್ತೆ ಪ್ರತ್ಯಕ್ಷ! ಜಿಪಿಟಿ (ಪಾರ್ಟಿಷನ್ ಪಟ್ಟಿಯ ಒಂದು ಬಗೆ) ಇರುವ ಡಿಸ್ಕ್‌ನಲ್ಲಿ ಸ್ವಾಪ್ ಎಂದು ಗುರುತಾದ ಪಾರ್ಟಿಷನ್ ಕಂಡರೆ, ಬೂಟ್ ಕೆಲಸ ನಡೆಸುವ ಸಿಸ್ಟಮ್‌ಡಿ ತಾನಾಗಿ ಹಚ್ಚಿಬಿಡುತ್ತದೆ. ಪಾರ್ಟಿಷನ್‌ನ ಬಗೆಯನ್ನೇ ಬದಲಿಸಿದ ಮೇಲೆ ಅದು ತೊಲಗಿತು.

ಅದರ ಜಾಗಕ್ಕೆ ಝಡ್‌ರ‍್ಯಾಮ್ ಬಂದಿದೆ. ರ‍್ಯಾಮ್‌ನ ಒಂದು ಭಾಗದಲ್ಲಿ ಪೇಜ್‌ಗಳನ್ನು ಕುಗ್ಗಿಸಿ ಇಡುವ ಸ್ವಾಪ್ ಇದು, ಡಿಸ್ಕ್ ಮುಟ್ಟುವುದೇ ಇಲ್ಲ. 2014ರ 3.14 ಕರ್ನಲ್‌ನಿಂದ ಲಿನಕ್ಸ್‌ನೊಳಗೇ ಇದೆ. ಗಾತ್ರ 2 ಜಿಬಿ, ಕುಗ್ಗಿಸಲು ಝಡ್‌ಎಸ್‌ಟಿಡಿ. ಸ್ವಾಪಿನೆಸ್ (ಸ್ವಾಪ್ ಬಳಸುವ ಒಲವಿನ ಅಂಕಿ) 60 ಇದ್ದದ್ದನ್ನು 150 ಮಾಡಿದೆ. 5.8 ಕರ್ನಲ್‌ನಿಂದ ಇದು 200ರವರೆಗೆ ಹೋಗಬಹುದು, ಮತ್ತು ಸ್ವಾಪ್ ಡಿಸ್ಕ್‌ಗಿಂತ ವೇಗವಾಗಿರುವ ಕಡೆ 100 ದಾಟಿಸುವುದೇ ಸರಿ.

ಸ್ಕ್ರಿಪ್ಟ್‌ನಲ್ಲಿ ಬದಲಾವಣೆ ಸಣ್ಣದು, ಫಲ ದೊಡ್ಡದು. 600 ಡಿಪಿಐ ಬಣ್ಣದ ಪ್ರತಿ ಸಂಗ್ರಹಕ್ಕೆ ಹಾಗೇ ಇರುತ್ತದೆ. ಹಿಂಬದಿಯ ಶಾಯಿ ಮೂಡಿದ ಪುಟಗಳಿಗೆ ಅದು ಬೇಕೇ ಬೇಕು. ಓಸಿಆರ್‌ಗೆ ಮಾತ್ರ 300 ಡಿಪಿಐ ಬೂದು ಪ್ರತಿ: ಫ್ಲೋಟ್ ಆದರೂ 70 ಎಂಬಿ ಒಳಗೆ. ಒಮ್ಮೆಗೆ ಎರಡೇ ಚಿತ್ರ, ಟೆಸರಾಕ್ಟ್‌ಗೆ ಒಂದೊಂದೇ ಥ್ರೆಡ್. ಇಡೀ ಕೆಲಸವನ್ನು ಸಿಸ್ಟಮ್‌ಡಿ-ರನ್ ಮೂಲಕ 2 ಜಿಬಿ ಮೆಮೊರಿ ಮಿತಿ ಹಾಕಿ ಓಡಿಸುತ್ತೇನೆ, ಮಿತಿ ಮೀರಿದರೆ ಸಾಯುವುದು ಅದೊಂದೇ.

ಜೊತೆಗೆ ಆಲ್ಟ್-ಸಿಸ್‌ಆರ್‌ಕ್ಯೂ-ಎಫ್ ಕೀ ಕೂಡ ತೆರೆದಿಟ್ಟಿದ್ದೇನೆ, ಹ್ಯಾಂಗ್ ಆದಾಗ ಔಟ್ ಆಫ್ ಮೆಮೊರಿ ಕಿಲ್ಲರನ್ನು ಕೈಯಾರೆ ಕರೆಯಲು. ಸಿಸ್‌ಆರ್‌ಕ್ಯೂ ಸೆಟ್ಟಿಂಗ್‌ಗೆ ಡೆಬಿಯನ್ ಇಟ್ಟಿರುವ ಮೂಲ ಅಂಕಿ 438ರಲ್ಲಿ ಇದಕ್ಕೆ ಅನುಮತಿ ಇಲ್ಲ, 64 ಸೇರಿಸಿ 502 ಮಾಡಬೇಕು.

ನಿನ್ನೆ ಒಂದು ಇಡೀ ಪುಸ್ತಕ ತಡೆಯಿಲ್ಲದೆ ಮುಗಿಯಿತು, ‘ಫುಲ್’ ಸಾಲು ಸೊನ್ನೆ ಬಿಟ್ಟು ಕದಲಲಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು ಮುಂದಿನ ತಿಂಗಳ ಕೆಲಸ. ಅದಕ್ಕೂ ಮೊದಲು ರಾಗ-ತಾಳದ ಸಾಲುಗಳನ್ನು ನೋಡಬೇಕು: ಹಳೆಯ ಅಚ್ಚುಮೊಳೆಯ ಝಂಪೆತಾಳದ ‘ಝ’ ಅಕ್ಷರವನ್ನು ಟೆಸರಾಕ್ಟ್ ಬಹಳ ಕಡೆ ಬೇರೆ ಏನೇನೋ ಆಗಿ ಓದಿದೆ.